ಡಿಶ್ಶು ಯಾವ ಕಡೆ ಮುಖ ಮಾಡಿದೆ?

ಶಾರ್ಜಾ, ದುಬೈ, ಅಜ್ಮಾನುಗಳ ಮಾಳಿಗೆ ಮೇಲೆ 19 ವರ್ಷ ಡಿಶ್ ಕೂರಿಸಿದವನು ನಾನು. 1997ರಲ್ಲಿ ಹೋದೆ, 2016ರಲ್ಲಿ ವಾಪಸು ಬಂದು ಕುಮಟಾದಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟೆ. ಹೋದ ತಿಂಗಳ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಅಲ್ಲಿ ಮನೆ ಯಾರದು ಅಂತ ತಿಳಿಯೋಕೆ ಬಾಗಿಲು ತಟ್ಟಬೇಕಿರಲಿಲ್ಲ, ಮಾಳಿಗೆ ನೋಡಿದರೆ ಸಾಕಿತ್ತು. ಅರಬರ ಡಿಶ್ಶು ನೈಋತ್ಯಕ್ಕೆ, ಅರಬ್‌ಸ್ಯಾಟ್ ಕಡೆ. ನಮ್ಮವರದ್ದು ಆಗ್ನೇಯಕ್ಕೆ, ನಮ್ಮ ಚಾನೆಲ್ಲುಗಳ ಉಪಗ್ರಹದ ಕಡೆ. ಒಂದೇ ಮಾಳಿಗೆಯಲ್ಲಿ ಬೆನ್ನು ತಿರುಗಿಸಿ ಕೂತ ಎರಡು ಡಿಶ್ಶು. ಇಷ್ಟು ಬರೆದದ್ದೇ ತಪ್ಪಾಯಿತು ನೋಡಿ, ನೈಋತ್ಯದ ಡಿಶ್ಶಿನಲ್ಲಿ ಏನು ಬರ್ತಿತ್ತು ಅಂತ ಕೇಳಿ ಪತ್ರಗಳು ಬಂದಿವೆ. ಈ ಸಲ ಟಿವಿ ರಿಪೇರಿ ಪ್ರಶ್ನೆ ಒಂದೂ ತೆಗೆದುಕೊಂಡಿಲ್ಲ. ಸೆಟ್ ಟಾಪ್ ಬಾಕ್ಸ್ ಕೆಟ್ಟವರು ಅಂಗಡಿಗೇ ಬನ್ನಿ.

ಪ್ರಶ್ನೆ: ನಮ್ಮ ಯಜಮಾನರು ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾರೆ. ರಂಜಾನ್ ತಿಂಗಳಲ್ಲಿ ರಾತ್ರಿ ಫೋನ್ ಮಾಡಿದರೆ ಹಿಂದೆ ಟಿವಿ ಸದ್ದೇ ಸದ್ದು. ‘ಸೀರಿಯಲ್ ನೋಡ್ತಾ ಇದ್ದೇವೆ’ ಅಂತಾರೆ. ಉಪವಾಸದ ತಿಂಗಳಲ್ಲಿ ಸೀರಿಯಲ್ಲಾ?
– ಗೃಹಿಣಿ, ಅಂಕೋಲಾ

ಅಕ್ಕಾ, ಯಜಮಾನರು ಸುಳ್ಳು ಹೇಳ್ತಿಲ್ಲ. ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವಲ್ಲ, ಹಾಗೆ ಅರಬರ ಸೀರಿಯಲ್ಲುಗಳಿಗೆ ರಂಜಾನೇ ಸೀಸನ್. ಹಗಲೆಲ್ಲ ಉಪವಾಸ, ಸಂಜೆ ಮಗ್ರಿಬ್ ಬಾಂಗ್ ಆದ ಮೇಲೆ ಊಟ, ಊಟ ಆದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಟಿವಿ ಮುಂದೆ. ಸೀರಿಯಲ್ಲಿಗೆ ಅವರು ‘ಮುಸಲ್ಸಲ್’ ಅಂತಾರೆ, ಸರಪಳಿ ಹಾಗೆ ಕೊಂಡಿ ಹಾಕಿದ್ದು ಅಂತ ಅರ್ಥ. 30 ದಿನ, 30 ಕಂತು, ಮುಗೀತು. ನಮ್ಮ ಸೀರಿಯಲ್ಲಿನ ಹಾಗೆ ಅತ್ತೆ ಸೊಸೆ ಜಗಳದಲ್ಲಿ ಮೂರು ವರ್ಷ ಕಳೆಯೋದಿಲ್ಲ. ಈ ಒಂದು ವಿಷಯದಲ್ಲಿ ಅವರು ನಮಗಿಂತ ಬುದ್ಧಿವಂತರು ಅಂತ ನನ್ನ ಅಭಿಪ್ರಾಯ.

ಸೌದಿಯಲ್ಲಿ ‘ತಾಶ್ ಮಾ ತಾಶ್’ ಅಂತ ಒಂದು ಹಾಸ್ಯ ಸರಣಿ ಇತ್ತು. 1993ರಲ್ಲಿ ಶುರುವಾಗಿ 2011ರವರೆಗೆ ಹೆಚ್ಚು ಕಮ್ಮಿ ಪ್ರತಿ ರಂಜಾನಿಗೂ ಬಂತು. ನಾಸೆರ್ ಅಲ್ ಕಸಬಿ, ಅಬ್ದುಲ್ಲಾ ಅಲ್ ಸದ್ಹಾನ್ ಅಂತ ಇಬ್ಬರು ನಟರು. ಸರಕಾರಿ ಕಚೇರಿ, ಲಂಚ, ಗಂಡಸರ ದರ್ಬಾರು, ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮ ಹಾಸ್ಯಗಾರ ರಾಜನ ಎದುರೇ ರಾಜನ ಹುಳುಕು ಆಡ್ತಾನಲ್ಲ, ಆ ಧಾಟಿ. ಅದನ್ನು ನೋಡಬಾರದು ಅಂದ ಮೌಲ್ವಿಗಳೂ ಇದ್ದರು. ಜನ ನೋಡಿದರು.

ನನ್ನ ಮಟ್ಟಿಗೆ ರಂಜಾನ್ ಟಿವಿ ಅಂದರೆ 2006ರ ಒಂದು ಸಂಜೆ. ಶಾರ್ಜಾದ ಹಳೇ ಬಡಾವಣೆಯೊಂದರ ಮನೆ. ಗಾಳಿಗೆ ಡಿಶ್ಶು ಅಲುಗಿ ಚಾನೆಲ್ ಹೋಗಿತ್ತು. ಆ ಮನೆಯ ಮಗ ಫೋನ್ ಮಾಡಿದ್ದ, ‘ಮಗ್ರಿಬ್ ಒಳಗೆ ಮಾಡು, ಇಲ್ಲದಿದ್ದರೆ ಅಜ್ಜಿ ನನ್ನನ್ನು ಬಿಡೋದಿಲ್ಲ’ ಅಂತ. ಅಜ್ಜಿಗೆ ಬೇಕಾಗಿದ್ದು ‘ಫ್ರೀಜ್’. ಫ್ರೀಜ್ ಅಂದರೆ ಕೇರಿ. ಆ ವರ್ಷ ಹೊಸದಾಗಿ ಬಂದಿದ್ದ ಕಾರ್ಟೂನ್ ಸರಣಿ ಅದು, ಮಾಡಿದವರು ದುಬೈಯ ಮೊಹಮ್ಮದ್ ಸಯೀದ್ ಹಾರಿಬ್. ಸುತ್ತ ಗಗನಚುಂಬಿ ಕಟ್ಟಡ ಏಳ್ತಾ ಇರುವಾಗ ನಡುವೆ ಉಳಿದ ಒಂದು ಹಳೇ ಕೇರಿ, ಅದರಲ್ಲಿ ನಾಲ್ಕು ಜನ ಅಜ್ಜಿಯರು. ಮುಖಕ್ಕೆ ಹಳೇ ಕಾಲದ ಬುರ್ಖಾ, ಅಂದರೆ ಮೂಗು ಹುಬ್ಬಿನ ಮೇಲೆ ಕೂರುವ, ಹಿತ್ತಾಳೆ ಹಾಗೆ ಹೊಳೆಯುವ ಪಟ್ಟಿ. ನಾನು ಮಾಳಿಗೆಯಿಂದ ಇಳಿದು ಬಂದು ರಿಸೀವರ್ ಹಚ್ಚಿ ನೋಡ್ತೇನೆ, ಪರದೆ ಮೇಲೆ ಅದೇ ಬುರ್ಖಾ ಹಾಕಿದ ಅಜ್ಜಿ, ಸೋಫಾದ ಮೇಲೂ ಅದೇ ಬುರ್ಖಾ ಹಾಕಿದ ಅಜ್ಜಿ. ಇಬ್ಬರೂ ಒಂದೇ ಸಮ ಮಾತಾಡ್ತಾ ಇದ್ದಾರೆ. ಮನೆ ಅಜ್ಜಿ ಟಿವಿಯ ಅಜ್ಜಿಗೆ ಉತ್ತರ ಕೊಡ್ತಿದ್ದರು!

ಆಮೇಲೆ ನನಗೊಂದು ತಟ್ಟೆ ಬಂತು. ಅದರಲ್ಲಿ ಲುಕೈಮಾತ್. ಹಿಟ್ಟಿನ ಉಂಡೆ ಎಣ್ಣೆಯಲ್ಲಿ ಕರಿದು ಮೇಲೆ ಖರ್ಜೂರದ ಪಾಕ ಹೊಯ್ದದ್ದು. ಬಾಯಿಗೆ ಹಾಕಿಕೊಂಡರೆ, ಅರೆ, ನಮ್ಮ ಮುಳಕವನ್ನು ಜೋನಿ ಬೆಲ್ಲದಲ್ಲಿ ಅದ್ದಿದ ಹಾಗೆ! ಹಲಸಿನ ಹಣ್ಣು ಒಂದಿಲ್ಲ ಅಷ್ಟೇ.

ಪ್ರಶ್ನೆ: ಟರ್ಕಿಯ ಸೀರಿಯಲ್ ನೋಡಿ ಅರಬ್ ದೇಶಗಳಲ್ಲಿ ಡೈವೋರ್ಸ್ ಆಯಿತಂತೆ. ನಿಜವಾ? ನಮ್ಮ ಮನೆಯವರಿಗೆ ಹೇಳಿದರೆ ನಗ್ತಾರೆ.
– ಶಿಕ್ಷಕಿ, ಶಿರಸಿ

ನೀವು ಹೇಳ್ತಿರೋದು ‘ನೂರ್’. 2008ರಲ್ಲಿ ಎಂಬಿಸಿ ಚಾನೆಲ್ಲಿನಲ್ಲಿ ಬಂತು. ಟರ್ಕಿಯಲ್ಲಿ ಅದು ಅಂಥಾ ದೊಡ್ಡ ಹೆಸರೇನೂ ಮಾಡಿರಲಿಲ್ಲ. ಅರಬಿಗೆ ಬಂದಿದ್ದೇ ತಡ, ಸಂಜೆ ಬೀದಿ ಖಾಲಿ. ಆಗಸ್ಟ್ 30ಕ್ಕೆ ಕೊನೆಯ ಕಂತು ಬಂತು, ಎಂಟೂವರೆ ಕೋಟಿ ಜನ ನೋಡಿದರು ಅಂತ ಚಾನೆಲ್ಲಿನವರೇ ಲೆಕ್ಕ ಹೇಳಿದರು. ಅವರ ಲೆಕ್ಕ ಅವರಿಗೆ. ನನ್ನ ಲೆಕ್ಕ ಬೇರೆ. ಕೊನೆಯ ವಾರ ದಿನಕ್ಕೆ ಹದಿನಾಲ್ಕು ಹದಿನೈದು ಫೋನ್ ಬಂದವು, ಎಲ್ಲರದ್ದೂ ಒಂದೇ ಮಾತು, ‘ಎಂಬಿಸಿ ಸರಿ ಬರ್ತಿಲ್ಲ, ಬೇಗ ಬಾ’. ಅಷ್ಟು ಓವರ್‌ಟೈಮ್ ಮತ್ತೆಂದೂ ಸಿಗಲಿಲ್ಲ.

ಡೈವೋರ್ಸ್ ಕಥೆಗಳು ಆಗಿನ ಪತ್ರಿಕೆಗಳಲ್ಲಿ ಬಂದದ್ದು ನಿಜ. ನಾಯಕ ಮೊಹನ್ನದ್ ಹೆಂಡತಿ ಹತ್ತಿರ ಮೆತ್ತಗೆ ಮಾತಾಡ್ತಾನೆ, ಹೂವು ತಂದು ಕೊಡ್ತಾನೆ, ಅವಳು ಕೆಲಸಕ್ಕೆ ಹೋದರೆ ಬೆನ್ನು ತಟ್ತಾನೆ. ‘ನೀನ್ಯಾಕೆ ಹೀಗಿಲ್ಲ’ ಅಂತ ಹೆಂಡತಿಯರು ಕೇಳಿದರು, ಗಂಡಂದಿರಿಗೆ ಸಿಟ್ಟು ಬಂತು. ಮನೆ ಮುರಿಯೋಕೆ ಒಂದು ಸೀರಿಯಲ್ ಸಾಕು ಅಂತ ನಾನು ನಂಬೋದಿಲ್ಲ. ಮೊದಲೇ ಬಿರುಕು ಇತ್ತು, ಟಿವಿ ಬೆಳಕಿಗೆ ಕಂಡಿತು. ಸೌದಿಯ ಮುಖ್ಯ ಮುಫ್ತಿ ಅದನ್ನು ನೋಡಬಾರದು ಅಂತ ಹೇಳಿದರು. ತಮಾಷೆ ಅಂದರೆ ಎಂಬಿಸಿಯ ಮಾಲೀಕರೂ ಸೌದಿಯವರೇ. ಆಮೇಲೆ ಅರಬರು ಸೀರಿಯಲ್ಲಿನ ಮನೆ ನೋಡೋಕೆ ಅಂತಲೇ ಇಸ್ತಾಂಬುಲ್‌ಗೆ ವಿಮಾನ ಹತ್ತಿದರು.

ಆದರೆ ಟೀಚರೇ, ಇದರಲ್ಲಿ ನೀವು ಕೇಳದ ಒಂದು ವಿಷಯ ಇದೆ, ನನಗೆ ಅದೇ ಮುಖ್ಯ. ಮಾತು. ಅರಬರದ್ದು 22 ದೇಶ. ಬರೆಯೋ ಅರಬಿ ಎಲ್ಲರದ್ದೂ ಒಂದೇ, ಅದಕ್ಕೆ ಫುಸ್ಹಾ ಅಂತಾರೆ. ಸುದ್ದಿ, ಭಾಷಣ, ಪಾಠ ಎಲ್ಲ ಅದರಲ್ಲೇ. ಮನೆಯಲ್ಲಿ ಮಾತ್ರ ಯಾರೂ ಅದನ್ನು ಆಡೋದಿಲ್ಲ. ಮೊರಾಕ್ಕೊದವನು ಅವನ ಮನೆಮಾತು ಆಡಿದರೆ ಶಾರ್ಜಾದವನು ಕಣ್ಣು ಕಣ್ಣು ಬಿಡ್ತಾನೆ. ತೊಂಬತ್ತರ ದಶಕದಲ್ಲಿ ಮೆಕ್ಸಿಕೋ ಸೀರಿಯಲ್ಲುಗಳನ್ನು ತಂದು ಫುಸ್ಹಾದಲ್ಲಿ ಡಬ್ ಮಾಡಿದರು. ಅಡುಗೆಯವಳು ಕೂಡ ಪಠ್ಯಪುಸ್ತಕದ ಹಾಗೆ ಮಾತಾಡ್ತಿದ್ದಳು. ಮಕ್ಕಳ ಕಾರ್ಟೂನೂ ಹಾಗೇ. ನಮ್ಮ ಮಾಲೀಕರ ಮಗ ಐದು ವರ್ಷದವನು, ಒಂದು ದಿನ ಅಂಗಡಿಗೆ ಬಂದು ಅಪ್ಪನ ಎದುರು ನಿಂತು ಘಂಟಾಘೋಷವಾಗಿ ಏನೋ ಹೇಳಿದ. ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಕನ್ನಡದಲ್ಲಿ ಹೇಳಬೇಕಂದರೆ, ‘ತಂದೆಯವರೇ, ನಾನು ಹಸಿವಿನಿಂದ ಬಳಲುತ್ತಿದ್ದೇನೆ!’ ಕಾರ್ಟೂನಿನಿಂದ ಕಲಿತದ್ದು.

‘ನೂರ್’ ಅರಬಿಗೆ ತಂದವರು ಫುಸ್ಹಾ ಬಿಟ್ಟು ಸಿರಿಯಾದ ಆಡುಮಾತಿನಲ್ಲಿ ಡಬ್ ಮಾಡಿಸಿದರು. ಸಿರಿಯಾದ ಸೀರಿಯಲ್ಲುಗಳನ್ನು ಎಲ್ಲರೂ ನೋಡಿದ್ದರಿಂದ ಆ ಮಾತು ಎಲ್ಲರ ಕಿವಿಗೂ ಪರಿಚಯ. ಟರ್ಕಿಯ ನಾಯಕ ದಮಾಸ್ಕಸ್ ಓಣಿಯ ಹುಡುಗನ ಹಾಗೆ ‘ಬಾರೇ, ಕೂತ್ಕೋ’ ಅಂದ. ಅಲ್ಲಿಗೆ ಎಲ್ಲರ ಮನೆಯ ಅಳಿಯ ಆಗಿಬಿಟ್ಟ.

ನಮ್ಮಲ್ಲಿ ದಶಕಗಳ ಕಾಲ ಡಬ್ಬಿಂಗೇ ಬೇಡ ಅಂತ ಇತ್ತಲ್ವಾ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಡೆಯೋದು ತಪ್ಪು ಅಂದಿತು, 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಸೀರಿಯಲ್ ಮನೆಮನೆಯಲ್ಲಿ ಕನ್ನಡ ಮಾತಾಡಿತು. ಕೃಷ್ಣ ಗ್ರಾಂಥಿಕ ಕನ್ನಡ ಆಡಿದರೆ ಸರಿ, ಯಕ್ಷಗಾನದಲ್ಲೂ ಹಾಗೇ ಆಡ್ತಾನೆ. ಈಗಿನ ಕಾಲದ ಹುಡುಗ ಹುಡುಗಿ ‘ನಾನು ಬರಲಾರೆ’ ಅಂದರೆ ಯಾರು ನೋಡ್ತಾರೆ? ನಿಮ್ಮ ಶಿರಸಿಯಲ್ಲಿ ‘ಆನು ಬತ್ನಿಲ್ಲೆ’ ಅಂತ ಬಾಗಿಲು ಹಾಕಿಕೊಂಡು ಹೋಗೋ ನಾಯಕಿ ಬರಲಿ, ಆಮೇಲೆ ಸಂಜೆ ಪೇಟೆ ಖಾಲಿ ಆಗ್ತದೋ ಇಲ್ಲವೋ ನೋಡೋಣ.

ಪ್ರಶ್ನೆ: ‘ಹಬೀಬಿ’ ಅಂದರೆ ಏನು? ಫೇಸ್‌ಬುಕ್ಕಿನಲ್ಲಿ ಎಲ್ಲರೂ ಹಾಕ್ತಾರೆ.
– ಐಟಿಐ ವಿದ್ಯಾರ್ಥಿ, ಕಾರವಾರ

ತಮಾ, ‘ನನ್ನ ಪ್ರೀತಿಯವನೇ’ ಅಂತ. ಆದರೆ ಅಲ್ಲಿ ಟ್ಯಾಕ್ಸಿಯವನಿಗೂ ಹಬೀಬಿ, ಜಗಳಕ್ಕೆ ಬಂದವನಿಗೂ ಹಬೀಬಿ. ನಮ್ಮ ‘ಮಾರಾಯಾ’ ಇದೆಯಲ್ಲ, ಸರಿಸುಮಾರು ಅದೇ. ಸಾಲ ವಸೂಲಿಗೆ ಬಂದವನು ‘ಹಬೀಬಿ’ ಅಂದರೆ ಮಾತ್ರ ಎರಡು ಹೆಜ್ಜೆ ಹಿಂದೆ ನಿಲ್ಲು. ಅಂದ ಹಾಗೆ ‘ವಸೂಲಿ’ಯೂ ಅರಬಿ ಮೂಲದ್ದೇ. ಖಾಲಿ, ತಾರೀಖು, ವಕೀಲ, ಅರ್ಜಿ, ಹಾಜರಿ, ಅಸಲು, ನಕಲು ಎಲ್ಲ ಆ ಕಡೆಯಿಂದ ಬಂದವು. ನೀನು ಕೇಳಿದ ‘ಸವಾಲು’, ನಾನು ಕೊಡ್ತಿರೋ ‘ಜವಾಬು’ ಕೂಡ. ಅರಬಿಯಲ್ಲಿ ಸುಆಲ್ ಅಂದರೆ ಬರೀ ಪ್ರಶ್ನೆ. ಕನ್ನಡಕ್ಕೆ ಬರುವಾಗ ತೊಡೆ ತಟ್ಟಿಕೊಂಡು ಬಂತು.

ಪ್ರಶ್ನೆ: ಅರಬ್ ದೇಶಗಳಲ್ಲಿ ಬ್ಲಾಗ್ ಬರೆದವರು ಜೈಲಿಗೆ ಹೋದರು ಅಂತ ಮಾತ್ರ ಓದಿದ್ದೇನೆ. ಬೇರೆ ಏನೂ ಬರೀತಿರಲಿಲ್ಲವಾ ಅವರು?
– ಪದವಿ ವಿದ್ಯಾರ್ಥಿನಿ, ಹೊನ್ನಾವರ

ಒಳ್ಳೇ ಪ್ರಶ್ನೆ ತಂಗಿ. ಜೈಲಿಗೆ ಹೋದದ್ದು ನಿಜ, ಅದನ್ನು ಮೊದಲು ಹೇಳಿಬಿಡ್ತೇನೆ. ಈಜಿಪ್ಟಿನ ಕರೀಮ್ ಅಮೆರ್ ಅನ್ನೋ ಹುಡುಗನಿಗೆ 2007ರಲ್ಲಿ ಬ್ಲಾಗ್ ಬರೆದದ್ದಕ್ಕೆ ನಾಲ್ಕು ವರ್ಷ ಶಿಕ್ಷೆ ಆಯಿತು. ಅದೇ ವರ್ಷದ ಕೊನೆಗೆ ಸೌದಿಯಲ್ಲಿ ಫುವಾದ್ ಅಲ್ ಫರ್ಹಾನ್ ಅವರನ್ನು ಹಿಡಿದುಕೊಂಡು ಹೋಗಿ ನಾಲ್ಕು ತಿಂಗಳು ಇಟ್ಟುಕೊಂಡರು. ಇನ್ನೊಂದು ಬದಿ, ಕೈರೋದ ವಾಯೆಲ್ ಅಬ್ಬಾಸ್ ಪೊಲೀಸ್ ಠಾಣೆಯ ಹಿಂಸೆಯ ವಿಡಿಯೋ ತನ್ನ ಬ್ಲಾಗಿನಲ್ಲಿ ಹಾಕಿದ ಮೇಲೆ ಗದ್ದಲ ಎದ್ದು ಇಬ್ಬರು ಪೊಲೀಸರಿಗೇ ಶಿಕ್ಷೆ ಆಯಿತು. ಅದಕ್ಕೂ ಮೊದಲು, 2003ರಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳುವಾಗ ಸಲಾಮ್ ಪಾಕ್ಸ್ ಅನ್ನೋ ಹೆಸರಿನಲ್ಲಿ ಒಬ್ಬ ಹುಡುಗ ಮನೆಯೊಳಗೆ ಕೂತು ದಿನದಿನದ್ದು ಬರೆದ. ಅವನು ನಿಜವಾಗಿ ಇದ್ದಾನೋ ಇಲ್ಲವೋ ಅಂತ ದುನಿಯಾ ಎಲ್ಲ ಚರ್ಚೆ ಮಾಡಿತು. ಇದ್ದ.

ಆದರೆ ನನಗೆ ಗೊತ್ತಿರೋ ಬ್ಲಾಗು ಇದಲ್ಲ. ನಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಒಬ್ಬ ಈಜಿಪ್ಟಿನವನಿದ್ದ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿರ್ತಿತ್ತು. ಷಟರ್ ಅರ್ಧ ಇಳಿಸಿ, ಎಸಿ ಹಾಕಿ, ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಅವನು ಬ್ಲಾಗ್ ಓದೋನು. ಓದಿ ಒಬ್ಬನೇ ನಗೋನು. ಏನು ಅಂತ ಕೇಳಿದರೆ ನನಗೆ ಅರ್ಥವಾಗೋ ಹರಕು ಮುರುಕು ಅರಬಿಯಲ್ಲಿ ಹೇಳೋನು.

ಅವನು ಓದ್ತಿದ್ದದ್ದು ಗಾದಾ ಅಬ್ದೆಲ್ ಆಲ್ ಅನ್ನೋ ಹೆಂಗಸಿನ ಬ್ಲಾಗು. ಮಹಲ್ಲಾ ಅಂತ ಬಟ್ಟೆ ಗಿರಣಿಗಳ ಊರು, ಅಲ್ಲಿ ಔಷಧಿ ಅಂಗಡಿಯವಳು, ಅಂದರೆ ಫಾರ್ಮಸಿಸ್ಟ್. 2006ರಲ್ಲಿ ಹೆಸರು ಮುಚ್ಚಿಟ್ಟುಕೊಂಡು ಬರೆಯೋಕೆ ಶುರು ಮಾಡಿದಳು. ಬ್ಲಾಗಿನ ಹೆಸರು ಕನ್ನಡದಲ್ಲಿ ಹೇಳಿದರೆ ‘ನಂಗೆ ಮದುವೆ ಆಗ್ಬೇಕು’. ವಿಷಯ ಒಂದೇ, ಹೆಣ್ಣು ನೋಡೋಕೆ ಬರೋ ಗಂಡುಗಳು. ಅಲ್ಲೂ ನಮ್ಮ ಹಾಗೇನೇ. ಹುಡುಗನ ಕಡೆಯವರು ಬಂದು ಜಗಲಿಯಲ್ಲಿ, ಅಲ್ಲ ಹಾಲಿನಲ್ಲಿ, ಸಾಲಾಗಿ ಕೂರ್ತಾರೆ. ಹುಡುಗಿ ಶರಬತ್ತಿನ ಟ್ರೇ ಹಿಡಿದುಕೊಂಡು ತಲೆ ತಗ್ಗಿಸಿ ಬರಬೇಕು. ನಮ್ಮಲ್ಲಿ ಅವಲಕ್ಕಿ ಚಹಾ, ಅಷ್ಟೇ ವ್ಯತ್ಯಾಸ. ಬಂದವನಿಗೊಂದು ಐಬು. ಒಬ್ಬೊಬ್ಬ ಗಂಡಿನ ಬಗ್ಗೆ ಒಂದೊಂದು ಬರಹ. ವಯಸ್ಸು ಮೂವತ್ತಕ್ಕೆ ಹತ್ತಿರ ಬಂದ ಹುಡುಗಿಯನ್ನು ಊರು ಹೇಗೆ ನೋಡ್ತದೆ ಅನ್ನೋದು ಆ ನಗುವಿನ ಅಡಿಯಲ್ಲಿ.

ಅದನ್ನೂ ಅವಳು ಫುಸ್ಹಾದಲ್ಲಿ ಬರೆಯಲಿಲ್ಲ. ಅಡುಗೆಮನೆಯಲ್ಲಿ ಗೆಳತಿ ಹತ್ತಿರ ಹೇಳೋ ಕೈರೋ ಕಡೆ ಮಾತಿನಲ್ಲೇ ಬರೆದಳು. ಅಚ್ಚಿನಲ್ಲಿ ಹಾಗೆ ಬರೆದರೆ ಮೂಗು ಮುರಿಯೋರು ಜಾಸ್ತಿ. ಬ್ಲಾಗಿಗೆ ಸಂಪಾದಕರು ಯಾರು? 2008ರಲ್ಲಿ ಅದು ಪುಸ್ತಕ ಆಯಿತು, 2010ರ ರಂಜಾನಿಗೆ ಸೀರಿಯಲ್ಲೂ ಆಯಿತು. ನಾಯಕಿ ಹೆಂದ್ ಸಬ್ರಿ, ಟ್ಯುನೀಸಿಯಾದವಳು. ನಮ್ಮ ಲೆಕ್ಕದವನು ‘ನಾನು ನಾಲ್ಕು ವರ್ಷದ ಹಿಂದೆಯೇ ಓದಿದ್ದೆ’ ಅಂತ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಅವನಿಗೂ ಮದುವೆ ಆಗಿರಲಿಲ್ಲ, ಆ ವಿಷಯ ಹೇಳ್ತಿರಲಿಲ್ಲ.

(ಈ ಬ್ಲಾಗು ಈಗ ಶಿರಸಿ ಸಿದ್ದಾಪುರದಲ್ಲಿ ಬರೆಯೋದಾದರೆ ಗಂಡೇ ಬರೆಯಬೇಕು. ತೋಟ ನೋಡಿಕೊಂಡು ಮನೆಯಲ್ಲಿರೋ ಹುಡುಗರಿಗೆ ಹೆಣ್ಣು ಸಿಗದೆ ಟ್ರೇ ಹಿಡಿಯೋ ಕಾಲ ಅವರಿಗೇ ಬಂದಿದೆ. ಯಾರಾದರೂ ಬರೀರಪ್ಪ, ನಾನು ಓದ್ತೇನೆ.)

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ಸರಿಯಾಗೋದಿಲ್ಲ. ಮೊದಮೊದಲು ಮೊಬೈಲು, ಕಂಪ್ಯೂಟರಿನಲ್ಲಿ ಅರಬಿ ಅಕ್ಷರ ಸಲೀಸಾಗಿ ಬರ್ತಿರಲಿಲ್ಲ. ಹುಡುಗರು ಇಂಗ್ಲಿಷ್ ಅಕ್ಷರದಲ್ಲೇ ಅರಬಿ ಬರೆದರು. ಅರಬಿಯ ಕೆಲವು ಗಂಟಲಿನ ಉಚ್ಚಾರಕ್ಕೆ ಇಂಗ್ಲಿಷಿನಲ್ಲಿ ಅಕ್ಷರ ಇಲ್ಲವಲ್ಲ, ಅದಕ್ಕೆ ಅಂಕಿ ಹಾಕಿದರು. ‘ಐನ್’ ಅನ್ನೋ ಅಕ್ಷರವನ್ನು ತಿರುಗಿಸಿದರೆ 3ರ ಹಾಗೆ ಕಾಣ್ತದೆ, ಅದಕ್ಕೆ 3. ಹಬೀಬಿಯ ‘ಹ’ಕ್ಕೆ 7. ನನಗೆ ಮಾತು ಬರ್ತಿತ್ತು, ಲಿಪಿ ಬರ್ತಿರಲಿಲ್ಲ. ಹಾಗಾಗಿ ಲೆಕ್ಕದವನು ನನಗೆ ಇಂಗ್ಲಿಷ್ ಅಕ್ಷರದಲ್ಲೇ ವಿಳಾಸದ ಮೆಸೇಜು ಹಾಕೋನು. ಒಂದು ಸಲ ಬಂದ ಮೆಸೇಜು 3ರಿಂದ ಶುರುವಾಗಿತ್ತು, ಕೊನೆಗೆ ಬಕಾಲಾ ಅಂತ ಇತ್ತು. ಬಕಾಲಾ ಅಂದರೆ ಕಿರಾಣಿ ಅಂಗಡಿ. ನಾನು ‘3ನೇ ಬಕಾಲಾ’ ಅಂದುಕೊಂಡು ಆಗಸ್ಟಿನ ಬಿಸಿಲಲ್ಲಿ ಏಣಿ ಹೊತ್ತುಕೊಂಡು ಬೀದಿಯ ಅಂಗಡಿ ಎಣಿಸಿದೆ. ಒಂದು, ಎರಡು, ಮೂರು. ಆ ಮೂರನೇದರ ಮಲಯಾಳಿ ಹುಡುಗ ‘ಇಲ್ಲಿ ಡಿಶ್ಶೇ ಇಲ್ಲ ಚೇಟ್ಟಾ’ ಅಂದ. ಆಮೇಲೆ ಗೊತ್ತಾಯಿತು, ಆ 3 ಅಂಕಿಯಲ್ಲ, ಐನ್; ಮಾತು ‘ಅಂದ್’ ಅಂತೆ, ‘ಹತ್ತಿರ’ ಅಂತ ಅರ್ಥವಂತೆ. ಮನೆ ಇದ್ದದ್ದು ಮೊದಲನೇ ಬಕಾಲಾದ ಪಕ್ಕದಲ್ಲೇ.

ಹೊನ್ನಾವರದಲ್ಲಿ ಕೂತು ನೀವು ‘ಊಟ ಆಯ್ತಾ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತೀರಲ್ಲ ತಂಗಿ, ನಿಮ್ಮ ಅವಸ್ಥೆ ಅವರಿಗಿಂತ ಹಗುರ. ಅಂಕಿ ಬೇಕಾಗೋದಿಲ್ಲ. ಆದರೆ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ ಆಗಿಬಿಡ್ತದೆ.

ಪ್ರಶ್ನೆ: ನಮ್ಮ ತಾಳಮದ್ದಳೆ ಥರದ್ದು ಅರಬರಲ್ಲಿ ಇದೆಯಾ? ಸುಮ್ನೆ ಕುತೂಹಲ.
– ಅಡಿಕೆ ಬೆಳೆಗಾರ, ಸಿದ್ದಾಪುರ

ಅರ್ಥ ಹೇಳುವ ಕಲೆ ನಾನು ಕಂಡಿಲ್ಲ. ಆದರೆ ಮಾತಿಗೆ ಮಾತು, ಪದ್ಯಕ್ಕೆ ಪದ್ಯ ಅಂತ ರಾತ್ರಿಯಿಡೀ ಕೂರೋದು ಇದೆ. ಅಬುಧಾಬಿಯಲ್ಲಿ 2006ರಲ್ಲಿ ಒಂದು ಟಿವಿ ಸ್ಪರ್ಧೆ ಶುರುವಾಯಿತು, ‘ಮಿಲಿಯನ್ ಕವಿ’ ಅಂತ. ಹಾಡೂ ಇಲ್ಲ, ಕುಣಿತವೂ ಇಲ್ಲ. ಕವಿ ಬಂದು ಕೂತು ನಬತಿ ಪದ್ಯ ಹೇಳಬೇಕು. ನಬತಿ ಅಂದರೆ ಮರುಭೂಮಿಯ ಬೆದೂಯಿನರ ಆಡುಮಾತಿನ ಕಾವ್ಯ, ಪಂಡಿತರದ್ದಲ್ಲ. ತೀರ್ಪುಗಾರರು ಸಾಲು ಸಾಲು ಹಿಡಿದು ಬಿಡಿಸ್ತಾರೆ, ಜನ ಮೆಸೇಜು ಹಾಕಿ ಓಟು ಕೊಡ್ತಾರೆ. ನಾನು ಡಿಶ್ ಸರಿ ಮಾಡಿದ ಮನೆಗಳಲ್ಲಿ ಡ್ರೈವರುಗಳು ಕೂಡ ಬಾಗಿಲ ಬಳಿ ನಿಂತು ನೋಡ್ತಿದ್ದರು.

2010ರಲ್ಲಿ ಸೌದಿಯ ಹಿಸ್ಸಾ ಹಿಲಾಲ್ ಅನ್ನೋ ಹೆಂಗಸು ಬಂದಳು. ತಲೆಯಿಂದ ಕಾಲಿನವರೆಗೆ ಕಪ್ಪು ನಿಕಾಬು, ಕಣ್ಣು ಮಾತ್ರ ಕಾಣ್ತದೆ. ಆ ವೇದಿಕೆ ಮೇಲೆ ಕೂತು ಕಂಡಕಂಡದ್ದಕ್ಕೆಲ್ಲ ಫತ್ವಾ ಹೊರಡಿಸೋರ ಮೇಲೇ ಪದ್ಯ ಹೇಳಿದಳು. ಜೀವ ಬೆದರಿಕೆ ಬಂತು. ಮುಂದಿನ ಸುತ್ತಿಗೂ ಬಂದಳು. ಮೂರನೇ ಸ್ಥಾನ ಸಿಕ್ಕಿತು. ಮೊದಲನೇ ಬಹುಮಾನ 50 ಲಕ್ಷ ದಿರ್ಹಮ್, ಅದು ಬೇರೆಯವರಿಗೆ ಹೋಯಿತು. ಈಗ ಗೆದ್ದವನ ಹೆಸರು ಯಾರಿಗೂ ನೆನಪಿಲ್ಲ, ಇವಳದ್ದು ಇದೆ. ಅಂಬೆಯ ಪಾತ್ರ ಸಭೆಯಲ್ಲಿ ನಿಂತು ಭೀಷ್ಮನನ್ನು ಕೇಳೋದನ್ನು ನೀವು ಎಷ್ಟು ರಾತ್ರಿ ಕೇಳಿದ್ದೀರೋ. ನಾನು ಟಿವಿಯಲ್ಲಿ ನೋಡಿದಾಗ ಅದೇ ನೆನಪಾಯಿತು.

ಭಾಗವತಿಕೆ ಬೇಕಂದರೆ ಉಮ್ ಕುಲ್ಸುಮ್ ಕೇಳಿ. ಈಜಿಪ್ಟಿನ ಗಾಯಕಿ, 1975ರಲ್ಲಿ ತೀರಿಕೊಂಡರು. ತಿಂಗಳ ಮೊದಲ ಗುರುವಾರ ರಾತ್ರಿ ರೇಡಿಯೋದಲ್ಲಿ ಅವರ ಕಛೇರಿ ಬರ್ತಿತ್ತು. ಒಂದೇ ಹಾಡು ಒಂದು ಗಂಟೆ. ಒಂದು ಸಾಲು ಹಿಡಿದರೆ ಹತ್ತು ಸಲ, ಪ್ರತಿ ಸಲ ಬೇರೆ ಥರ, ಜನ ‘ಅಲ್ಲಾಹ್!’ ಅಂತ ಕೂಗಿದರೆ ಮತ್ತೊಂದು ಸಲ. ಹೀಗೆ ಮತ್ತೆ ಮತ್ತೆ ಹೇಳೋದಕ್ಕೆ ಅರಬಿಯಲ್ಲಿ ‘ತಕ್ರಾರ್’ ಅಂತ ಹೆಸರು. ನಮ್ಮಲ್ಲಿಗೆ ಬಂದು ಅದೇ ತಕರಾರು ಆಗಿದೆ! ಹೇಳಿದ್ದನ್ನೇ ಹೇಳಿದರೆ ನಮ್ಮಲ್ಲಿ ಜಗಳ, ಅಲ್ಲಿ ಸಂಗೀತ.

ಪ್ರಶ್ನೆ: ಅವರ ಟಿವಿಯಲ್ಲಿ ನಮ್ಮನ್ನು, ಅಂದರೆ ಇಂಡಿಯಾದವರನ್ನು, ಹೇಗೆ ತೋರಿಸ್ತಾರೆ?
– ಮೀನು ವ್ಯಾಪಾರಿ, ಭಟ್ಕಳ

ಹಿಂದಿ ಸಿನಿಮಾ ಅಂದರೆ ಅಲ್ಲಿ ಜೀವ. 2008ರಲ್ಲಿ ಜೀ ಅಫ್ಲಾಮ್ ಬಂತು, 2013ರಲ್ಲಿ ಎಂಬಿಸಿಯವರೇ ಬಾಲಿವುಡ್ಡಿಗೆ ಅಂತ ಬೇರೆ ಚಾನೆಲ್ ತೆಗೆದರು. ನಮ್ಮ ಹೀರೋ ಅವರ ಮನೆಮಾತಿನಲ್ಲಿ ಮಾತಾಡ್ತಾನೆ. ಇದು ಒಂದು ಬದಿ.

ಇನ್ನೊಂದು ಬದಿ ಹೇಳೋಕೆ ಸ್ವಲ್ಪ ಕಹಿ. ನಂಬೋಕಾಗದ ಕಥೆ ಯಾರಾದರೂ ಹೇಳಿದರೆ ಅರಬರು ‘ಇದು ಹಿಂದಿ ಫಿಲ್ಮು’ ಅಂತಾರೆ. ಅದು ಹೋಗಲಿ, ನಾವೂ ಹಾಗೇ ಹೇಳ್ತೇವೆ. ಆದರೆ ಮೋಸ ಮಾಡೋಕೆ ಬಂದವನಿಗೆ ‘ನಾನೇನು ಹಿಂದಿ ಥರ ಕಾಣ್ತೇನಾ’ ಅನ್ನೋ ಮಾತೂ ಕೊಲ್ಲಿಯಲ್ಲಿ ಇದೆ. ಹಿಂದಿ ಅಂದರೆ ಇಂಡಿಯಾದವನು. ಅರ್ಥ, ನಾನೇನು ದಡ್ಡನಾ ಅಂತ. ಹಾಸ್ಯ ಸೀರಿಯಲ್ಲುಗಳಲ್ಲಿ ಇಂಡಿಯಾದವನು ಬಂದರೆ ಡ್ರೈವರು, ಇಲ್ಲ ಅಂಗಡಿ ಹುಡುಗ. ತಲೆ ಅಲ್ಲಾಡಿಸ್ತಾನೆ, ಮುರುಕು ಅರಬಿ ಆಡ್ತಾನೆ, ಎಲ್ಲರೂ ನಗ್ತಾರೆ.

ಒಂದು ಮನೆಯಲ್ಲಿ ಡಿಶ್ಶಿನ ಎಲ್‌ಎನ್‌ಬಿ, ಅಂದರೆ ಮುಂದೆ ಕೂತು ಸಿಗ್ನಲ್ ಹಿಡಿಯೋ ಭಾಗ, ಬದಲಿಸಿ ಬಿಲ್ಲು ಕೊಟ್ಟೆ. 120 ದಿರ್ಹಮ್. ಆ ಮನೆಯ ಹುಡುಗ, ಹದಿನೆಂಟು ಇರಬಹುದು, ಬಿಲ್ಲು ನೋಡಿ ನನ್ನೆದುರೇ ಆ ಮಾತು ಅಂದ. ‘ನನ್ನನ್ನು ಹಿಂದಿ ಅಂದುಕೊಂಡಿದ್ದೀಯಾ?’ ನಾನು ಮಾತಾಡದೆ ನಿಂತೆ. 80 ಕೊಟ್ಟ, ತೆಗೆದುಕೊಂಡು ಬಂದೆ. ಪಿಕಪ್ಪಿನಲ್ಲಿ ಬರುವಾಗ ಉತ್ತರ ಹೊಳೆಯಿತು. ಅರಬಿಯಲ್ಲಿ ಬರೆಯೋ ಅಂಕಿಗಳಿಗೆ ಅವರು ‘ಅರ್ಕಾಮ್ ಹಿಂದಿಯಾ’ ಅಂತಲೇ ಹೇಳೋದು, ಅಂದರೆ ಇಂಡಿಯಾದ ಅಂಕಿ. ‘ತಮಾ, ನೀನು ಹಿಂದಿ ಅಲ್ಲ ಸರಿ, ಬಿಲ್ಲಿನ ಮೇಲಿರೋ ಅಂಕಿ ಹಿಂದಿ, ಅದಕ್ಕೇ ಲೆಕ್ಕ ಸರಿ ಇದೆ’ ಅನ್ನಬೇಕಿತ್ತು. ಇಂಥಾ ಉತ್ತರ ಎಲ್ಲ ಯಾಕೆ ಸಿಗ್ನಲ್ ದಾಟಿದ ಮೇಲೆ ಬರ್ತವೋ. ಎಲ್ಲರೂ ಹಾಗಿರಲಿಲ್ಲ. ಆದರೆ 40 ದಿರ್ಹಮ್ ನನ್ನ ಸಂಬಳದಿಂದ ಹೋಯಿತು, ಅದನ್ನು ಮರೆತಿಲ್ಲ.

ಪ್ರಶ್ನೆ: ಅವರ ಟಿವಿ ಬಗ್ಗೆ, ಬ್ಲಾಗ್ ಬಗ್ಗೆ ನೀವು ಬರೀತೀರಿ. ಅರಬರು ನಮ್ಮ ಊರಿನ ಬಗ್ಗೆ ಬರೆದದ್ದು ಏನಾದರೂ ಉಂಟಾ?
– ನಿವೃತ್ತ ಪೋಸ್ಟ್‌ಮಾಸ್ಟರ್, ಹೊನ್ನಾವರ

ಉಂಟು ರಾಯರೇ, ನಿಮ್ಮ ಊರಿನ ಬಗ್ಗೆಯೇ. ಸುಮಾರು 1342ರ ಹೊತ್ತಿಗೆ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದ. ಮೊರಾಕ್ಕೊದ ಟ್ಯಾಂಜಿಯರ್ ಊರಿನವನು, ಅರಬಿಯಲ್ಲಿ ಬರೆಸಿದವನು. ಹೊನ್ನಾವರಕ್ಕೆ ಅವನು ‘ಹಿನೌರ್’ ಅಂತಾನೆ. ಆ ಕಾಲಕ್ಕೆ ಮೊಬೈಲು ಇದ್ದಿದ್ದರೆ ದಿನಕ್ಕೆ ಹತ್ತು ಫೋಟೋ ಹಾಕ್ತಿದ್ದ ಆಸಾಮಿ. ಏನೇನು ಕಂಡ ನೋಡಿ. ಹೆಂಗಸರು ಹೊಲಿದ ಬಟ್ಟೆ ಹಾಕೋದಿಲ್ಲ, ಉದ್ದ ಬಟ್ಟೆಯ ಒಂದು ತುದಿ ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆ ಎದೆ ಮೇಲೆ ಹೊದೀತಾರೆ. ಮೂಗಿಗೆ ಚಿನ್ನದ ಮೂಗುತಿ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ, ಇಂಥದ್ದು ಬೇರೆಲ್ಲೂ ನೋಡಿಲ್ಲ ಅಂತಾನೆ. ಅವನು ಸುತ್ತಿದ ಊರುಗಳ ಲೆಕ್ಕ ಗೊತ್ತಿದ್ದವರಿಗೆ ಈ ಮಾತಿನ ತೂಕ ಗೊತ್ತು.

ನನಗೆ ಇಷ್ಟವಾಗೋದು ಅವನು ಊಟದ ಬಗ್ಗೆ ಬರೆದದ್ದು. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆ ಪಂಕ್ತಿ. ತಾಮ್ರದ ತಟ್ಟೆ. ರೇಷ್ಮೆ ಉಟ್ಟ ಹೆಂಗಸು ಸೌಟಿನಲ್ಲಿ ಅನ್ನ ಬಡಿಸಿ ಮೇಲೆ ತುಪ್ಪ ಹಾಕ್ತಾಳೆ. ಪಕ್ಕದಲ್ಲಿ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಅದು ಮುಗಿದರೆ ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತರಕಾರಿ. ಕೊನೆಗೆ ಮೊಸರು. ಇನ್ನೊಮ್ಮೆ ಬಂದಾಗ ಇದೇ ಸುಲ್ತಾನನ ಹತ್ತಿರ 11 ತಿಂಗಳು ಇದ್ದನಂತೆ, ರೊಟ್ಟಿಯ ಮುಖ ನೋಡಲಿಲ್ಲವಂತೆ. ಮುಂದೆ ಮಾಲ್ಡೀವ್ಸು, ಸಿಂಹಳ ಅಂತ ಸುತ್ತಿ ಬರೀ ಅನ್ನ ತಿಂದು ತಿಂದು, ಕೊನೆಗೆ ನೀರು ಕುಡಿದರೆ ಮಾತ್ರ ಗಂಟಲಲ್ಲಿ ಇಳೀತಿತ್ತು ಅಂತ ಗೋಳು ತೋಡಿಕೊಳ್ತಾನೆ.

ಓದಿ ನಗು ಬಂತು ರಾಯರೇ. ನನ್ನ ಕಥೆ ಇದರ ಉಲ್ಟಾ. 19 ವರ್ಷ ಖುಬ್ಬೂಸ್ ರೊಟ್ಟಿ, ನೀರು ಕುಡಿದು ಕುಡಿದು ನುಂಗಿದೆ. ರಜೆ ಮುಗಿಸಿ ಹೊರಡುವಾಗ ಆಯಿ ಸಾಮಾನಿನ ನಡುವೆ ಅಪ್ಪೆಮಿಡಿ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ ಇಡೋರು, ಮೇಲೆ ಎರಡು ಪದರ ಟವೆಲ್ ಸುತ್ತಿ. ಶಾರ್ಜಾದ ರೂಮಿನಲ್ಲಿ ಬಿಚ್ಚಿದರೆ ಟವೆಲಿನ ತುಂಬಾ ಸೊನೆ ವಾಸನೆ. ಆ ಟವೆಲನ್ನು ಒಂದು ವಾರ ತೊಳೀತಿರಲಿಲ್ಲ.